ದಾರಿ ತೆರೆದ ಪರಮವೀರ: ಮೇಜರ್ ರಾಮಾ ರಾಘೋಬಾ ರಾಣೆ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು, ಸಿದ್ದಾಪುರದಿಂದ ದೊಡ್ಮನೆ ಘಟ್ಟದ ತಿರುವುಗಳನ್ನು ದಾಟಿ ಕರಾವಳಿ ಸೇರುವ ಮೋಟಾರ್ ಸೈಕಲ್ ಸವಾರರೆಲ್ಲರೂ ಕಾರವಾರಕ್ಕೆ ಹೋಗಬೇಕಾದರೆ ಅಂಕೋಲಾ ದಾಟಿದ ಮೇಲೆ ಒಂದೇ ಹೆದ್ದಾರಿಯನ್ನು ಹಿಡಿಯುತ್ತಾರೆ. ಆ ಹೆದ್ದಾರಿಯಲ್ಲಿ ಅಮದಳ್ಳಿಗೂ ಅರ್ಗಾಕ್ಕೂ ನಡುವೆ ಚೆಂಡಿಯಾ ಎಂಬ ಊರು ಬರುತ್ತದೆ. ಒಂದು ಬದಿಗೆ ಸಹ್ಯಾದ್ರಿಯ ಹಸಿರು, ಇನ್ನೊಂದು ಬದಿಗೆ ಸಮುದ್ರದ ಸನಿಹ. ವಾಹನಗಳು ವೇಗ ತಗ್ಗಿಸದೆ ಸಾಗಿಹೋಗುವ ಈ ಊರು ಭಾರತದ ಸೇನಾ ಇತಿಹಾಸದಲ್ಲಿ ಅಳಿಸಲಾಗದ ಸ್ಥಾನ ಪಡೆದಿದೆ. ಪರಮವೀರ ಚಕ್ರವನ್ನು ಜೀವಂತವಾಗಿರುವಾಗಲೇ ಪಡೆದ ಮೊದಲ ಯೋಧ ಮೇಜರ್ ರಾಮಾ ರಾಘೋಬಾ ರಾಣೆ ಅವರು ಜನಿಸಿದ್ದು ಇಲ್ಲಿಯೇ.

ರಾಣೆಯವರು ಶತ್ರುವಿನ ಕೋಟೆಗೆ ನುಗ್ಗಿ ಬಾವುಟ ಹಾರಿಸಿದವರಲ್ಲ. ಅವರ ಕೆಲಸ ದಾರಿ ಮಾಡುವುದು. ಹಿಂದೆ ಬರುವ ಟ್ಯಾಂಕುಗಳೂ ಸೈನಿಕರೂ ಸುರಕ್ಷಿತವಾಗಿ ಮುಂದೆ ಹೋಗುವಂತೆ ನೆಲದಲ್ಲಿ ಹುದುಗಿದ ಸಾವನ್ನು ಒಂದೊಂದಾಗಿ ಹೆಕ್ಕಿ ತೆಗೆಯುವುದು. ಘಟ್ಟದ ರಸ್ತೆಯೊಂದು ಕುಸಿದರೆ ತಿಂಗಳುಗಟ್ಟಲೆ ಬದುಕೇ ಸ್ತಬ್ಧವಾಗುವ ನಮ್ಮ ಜಿಲ್ಲೆಯ ಜನರಿಗೆ ದಾರಿ ತೆರೆಯುವವನ ಬೆಲೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಆದರೂ ಮೇಲಿನ ತಾಲ್ಲೂಕುಗಳಲ್ಲಿ ಅವರ ಹೆಸರು ಕೇಳಿಬರುವುದು ಕಡಿಮೆ.

ಪೊಲೀಸ್ ಪೇದೆಯ ಮಗ

1918ರ ಜೂನ್ 26ರಂದು ರಾಣೆಯವರು ಜನಿಸಿದಾಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1862ರಲ್ಲಿ ಮದರಾಸು ಪ್ರಾಂತ್ಯದಿಂದ ಬೇರ್ಪಟ್ಟು ಮುಂಬಯಿಗೆ ಸೇರಿದ್ದ ಈ ಜಿಲ್ಲೆ ಕನ್ನಡ ನಾಡಿನೊಂದಿಗೆ ಒಂದಾದದ್ದು 1956ರಲ್ಲಿ. ತಂದೆ ರಾಘೋಬಾ ರಾಣೆ ಪೊಲೀಸ್ ಪೇದೆ. ಸರ್ಕಾರಿ ನೌಕರಿಯ ವರ್ಗಾವಣೆಗಳ ಬೆನ್ನುಹತ್ತಿ ಕುಟುಂಬವೂ ಊರಿಂದೂರಿಗೆ ಅಲೆಯಬೇಕಾಯಿತು. ಬಾಲಕನ ವಿದ್ಯಾಭ್ಯಾಸವೂ ಒಂದೇ ಶಾಲೆಯಲ್ಲಿ ನಡೆಯಲಿಲ್ಲ.

ಆತ ಹನ್ನೆರಡರ ಬಾಲಕನಾಗಿದ್ದಾಗ, 1930ರಲ್ಲಿ, ಜಿಲ್ಲೆಯೇ ಹೊತ್ತಿಕೊಂಡಿತು. ಆ ವರ್ಷದ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳ ರೈತರು ಕರನಿರಾಕರಣೆಗೆ ಇಳಿದು ಮನೆ, ಜಮೀನು, ತೋಟ, ದನಕರುಗಳ ಜಪ್ತಿಯನ್ನು ಎದುರಿಸಿದರು. ಗಾಂಧೀಜಿಯವರ ಚಳವಳಿ ಬಾಲಕ ರಾಮಾನ ಮನಸ್ಸನ್ನೂ ಸೆಳೆಯಿತು. ಬ್ರಿಟಿಷ್ ಸರ್ಕಾರದ ಪೊಲೀಸ್ ಇಲಾಖೆಯಲ್ಲಿ ದುಡಿಯುತ್ತಿದ್ದ ತಂದೆಗೆ ಇದು ಆತಂಕ ತಂದದ್ದು ಸಹಜ. ಅವರು ಕುಟುಂಬವನ್ನು ಸ್ವಗ್ರಾಮ ಚೆಂಡಿಯಾಕ್ಕೆ ಮರಳಿ ಕಳುಹಿಸಿದರು. ಸತ್ಯಾಗ್ರಹಿಗಳತ್ತ ಒಲಿದ ಹುಡುಗನೇ ಹತ್ತು ವರ್ಷಗಳ ಬಳಿಕ ಬ್ರಿಟಿಷ್ ಭಾರತದ ಸೈನ್ಯಕ್ಕೆ ಸೇರಿದ. ಅದೇ ಸೈನ್ಯದಲ್ಲಿ ಕಲಿತ ವಿದ್ಯೆಯನ್ನು ಸ್ವತಂತ್ರ ಭಾರತಕ್ಕೆ ಅರ್ಪಿಸಿದ. ಅಂದಿನ ತಲೆಮಾರಿನ ಅನೇಕ ಸೈನಿಕರ ಬದುಕು ಸಾಗಿದ್ದು ಇದೇ ಜಾಡಿನಲ್ಲಿ.

ಬರ್ಮಾದ ಪರೀಕ್ಷೆ

ಎರಡನೇ ಮಹಾಯುದ್ಧ ಯುರೋಪನ್ನು ನುಂಗುತ್ತಿದ್ದ ದಿನಗಳವು. 1940ರ ಜುಲೈ 10ರಂದು, ಇಪ್ಪತ್ತೆರಡನೇ ವಯಸ್ಸಿನಲ್ಲಿ, ರಾಣೆ ಬಾಂಬೆ ಎಂಜಿನಿಯರ್ಸ್ ದಳಕ್ಕೆ ಸೇರಿದರು. ಪುಣೆಯ ಖಡ್ಕಿಯಲ್ಲಿ ಕೇಂದ್ರವಿರುವ ಈ ದಳದ ಸೈನಿಕರನ್ನು ಸೇನೆಯಲ್ಲಿ ಸ್ಯಾಪರ್‌ಗಳೆಂದು ಕರೆಯುತ್ತಾರೆ. ಸೇತುವೆ ಕಟ್ಟುವುದು, ರಸ್ತೆ ಕಡಿಯುವುದು, ನೆಲಬಾಂಬ್ ಹುಗಿಯುವುದು, ಹುಗಿದದ್ದನ್ನು ತೆಗೆಯುವುದು, ಹಿಂದೆ ಸರಿಯುವಾಗ ಸೇತುವೆ ಹಾಗೂ ಮದ್ದುಗುಂಡಿನ ದಾಸ್ತಾನನ್ನು ನಾಶಪಡಿಸುವುದು ಇವರ ಹೊಣೆ. ಸೈನ್ಯ ಮುನ್ನುಗ್ಗುವಾಗ ಎಲ್ಲರಿಗಿಂತ ಮುಂದೆ, ಹಿಮ್ಮೆಟ್ಟುವಾಗ ಎಲ್ಲರಿಗಿಂತ ಹಿಂದೆ ಇರಬೇಕಾದವರು ಇವರು. ತರಬೇತಿಯ ಕೊನೆಯಲ್ಲಿ ರಾಣೆ ತಮ್ಮ ತಂಡದ ಅತ್ಯುತ್ತಮ ಅಭ್ಯರ್ಥಿ ಎನಿಸಿ ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು. ಬಳಿಕ ನಾಯಕ್ ಹುದ್ದೆಗೆ ಏರಿದರು.

ಅವರನ್ನು 26ನೇ ಕಾಲಾಳು ಡಿವಿಷನ್ನಿನ 28ನೇ ಫೀಲ್ಡ್ ಕಂಪನಿಗೆ ನಿಯೋಜಿಸಲಾಯಿತು. ಬರ್ಮಾದ ಪಶ್ಚಿಮ ಕರಾವಳಿಯ ಅರಕಾನ್ ಪ್ರದೇಶದಲ್ಲಿ ಜಪಾನೀಯರ ವಿರುದ್ಧ ಕದನ ನಡೆಯುತ್ತಿತ್ತು. 1942ರ ಕೊನೆಯಲ್ಲಿ ಆರಂಭವಾದ ಮೊದಲ ಅರಕಾನ್ ಕಾರ್ಯಾಚರಣೆ 1943ರ ಮೇ ವೇಳೆಗೆ ವಿಫಲಗೊಂಡು ಭಾರತೀಯ ಪಡೆಗಳು ಹಿಂದೆ ಸರಿಯಬೇಕಾಯಿತು. ಡಿವಿಷನ್ ಹಿಮ್ಮೆಟ್ಟಿದಾಗ ಬುತಿಡಾಂಗ್ ಎಂಬಲ್ಲಿ ಉಳಿದಿದ್ದ ಮದ್ದುಗುಂಡು ಹಾಗೂ ಯುದ್ಧಸಾಮಗ್ರಿ ಶತ್ರುವಿನ ಕೈಸೇರದಂತೆ ನಾಶಪಡಿಸುವ ಕೆಲಸಕ್ಕೆ ರಾಣೆಯವರನ್ನೂ ಎರಡು ತುಕಡಿಗಳನ್ನೂ ಹಿಂದೆ ಬಿಡಲಾಯಿತು. ಕೆಲಸ ಮುಗಿದ ಮೇಲೆ ರಾಯಲ್ ಇಂಡಿಯನ್ ನೇವಿಯ ಹಡಗು ಅವರನ್ನು ಕರೆದೊಯ್ಯುತ್ತದೆಂಬ ಏರ್ಪಾಡಾಗಿತ್ತು.

ಕೆಲಸ ಮುಗಿಯಿತು. ಹಡಗು ಬರಲಿಲ್ಲ.

ಸುತ್ತ ಜಪಾನೀಯರ ಪಹರೆ, ಮುಂದೆ ಅವರೇ ಕಾವಲು ಕಾಯುತ್ತಿದ್ದ ನದಿ. ರಾಣೆ ತಮ್ಮವರನ್ನು ಕಟ್ಟಿಕೊಂಡು ಗಸ್ತಿನ ಕಣ್ಣು ತಪ್ಪಿಸಿ ಆ ನದಿಯನ್ನು ದಾಟಿದರು. ಬಾವ್ಲಿ ಬಜಾರ್ ಎಂಬಲ್ಲಿದ್ದ ತಮ್ಮ ಡಿವಿಷನ್ನನ್ನು ಸೇರಿಕೊಂಡರು. ಈ ಸಾಹಸಕ್ಕಾಗಿ ಅವರಿಗೆ ಹವಾಲ್ದಾರ್ ಹುದ್ದೆ ದೊರೆಯಿತು. ಮುಂದೆ ಅವರು ಜಮಾದಾರ್ ಆದರು. ಸೈನ್ಯದಲ್ಲಿ ಗೆಳೆತನ ಎಂಬುದು ಹುಟ್ಟುವುದು ಇಂತಹ ರಾತ್ರಿಗಳಲ್ಲಿ. ಕರೆದೊಯ್ಯುತ್ತೇವೆಂದವರು ಬಾರದಿದ್ದಾಗ ಜೊತೆಯಲ್ಲಿರುವವನ ಕೈಯೇ ಆಸರೆ. ಆರು ದಶಕ ಕಳೆದರೂ ಒಂದೇ ಕಂಪನಿಯ ಇಬ್ಬರು ಮುದುಕರು ಪರಸ್ಪರರನ್ನು ಕಂಡಾಗ ಮಾತಿಲ್ಲದೆ ಕೈಹಿಡಿದು ಕುಳಿತುಕೊಳ್ಳುವುದರ ಕಾರಣವನ್ನು ಇಲ್ಲಿ ಹುಡುಕಬೇಕು.

ಸ್ವಾತಂತ್ರ್ಯ ಬಂದ ವರ್ಷವೇ, 1947ರ ಡಿಸೆಂಬರ್ 15ರಂದು, ರಾಣೆಯವರು ಎಂಜಿನಿಯರ್ಸ್ ದಳದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ ನಿಯುಕ್ತಿ ಪಡೆದರು. ಸಾಮಾನ್ಯ ಸಿಪಾಯಿಯಾಗಿ ಸೇರಿದ್ದ ಪೇದೆಯ ಮಗ ಏಳೂವರೆ ವರ್ಷಗಳಲ್ಲಿ ಅಧಿಕಾರಿಯಾದ.

ನೌಶೇರಾದಿಂದ ರಾಜೌರಿಗೆ

ಅದಾಗಲೇ ಜಮ್ಮು ಕಾಶ್ಮೀರ ಹೊತ್ತಿ ಉರಿಯುತ್ತಿತ್ತು. 1947ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಬೆಂಬಲ ಪಡೆದ ದಾಳಿಕೋರರು ನುಗ್ಗಿದರು. ಅಕ್ಟೋಬರ್ 26ರಂದು ಮಹಾರಾಜ ಹರಿಸಿಂಗರು ವಿಲೀನಪತ್ರಕ್ಕೆ ಸಹಿ ಹಾಕಿದ ಮರುದಿನ ಭಾರತೀಯ ಸೇನೆ ಶ್ರೀನಗರದಲ್ಲಿ ಇಳಿಯಿತು. ಪೀರ್ ಪಂಜಾಲ್ ಪರ್ವತಗಳ ದಕ್ಷಿಣಕ್ಕಿರುವ ರಾಜೌರಿ ಪಟ್ಟಣ ನವೆಂಬರಿನಲ್ಲಿ ದಾಳಿಕೋರರ ವಶವಾಯಿತು. ಡಿಸೆಂಬರ್ ಕೊನೆಯ ವಾರದಲ್ಲಿ ಝಾಂಗಡ್ ಕೈತಪ್ಪಿತು. ನೌಶೇರಾದ ಮೇಲೆ 1948ರ ಫೆಬ್ರುವರಿ 6ರಂದು ಭಾರೀ ದಾಳಿ ನಡೆದಾಗ ಅದನ್ನು ಹಿಮ್ಮೆಟ್ಟಿಸಿದವರು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ನೇತೃತ್ವದ ಪಡೆಗಳು. ಅದೇ ದಿನ ನಾಯಕ್ ಜದುನಾಥ್ ಸಿಂಗ್ ಹೋರಾಡುತ್ತಲೇ ಪ್ರಾಣ ಬಿಟ್ಟರು. ಅವರಿಗೂ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಮಾರ್ಚ್ 18ರಂದು ಝಾಂಗಡ್ ಮತ್ತೆ ಭಾರತದ ಕೈಸೇರಿತು.

ಮುಂದಿನ ಗುರಿ ರಾಜೌರಿ. ಅಲ್ಲಿ ಸಿಲುಕಿದ್ದ ನಾಗರಿಕರ ಸ್ಥಿತಿ ಭೀಕರವಾಗಿತ್ತು. ಒಂದೊಂದು ದಿನ ತಡವಾದರೂ ಎಷ್ಟೋ ಜೀವಗಳು ಹೋಗುತ್ತಿದ್ದವು. ನೌಶೇರಾದಿಂದ ರಾಜೌರಿಗೆ ಹೋಗುವುದು ಮೊಗಲರ ಕಾಲದ ಹಳೆಯ ಮಾರ್ಗ. ದೆಹಲಿಯ ಬಾದಶಹರು ಕಾಶ್ಮೀರಕ್ಕೆ ಸಾಗುತ್ತಿದ್ದ ದಾರಿ ಅದು. ನಡುವೆ ಬರುವ ಚಿಂಗಸ್ ಎಂಬಲ್ಲಿ ಇಂದಿಗೂ ಮೊಗಲರ ಸರಾಯಿಯೊಂದಿದೆ. 1627ರಲ್ಲಿ ಪ್ರಯಾಣದ ನಡುವೆ ಅಸುನೀಗಿದ ಜಹಾಂಗೀರನ ಕರುಳನ್ನು ಅಲ್ಲಿ ಹೂಳಲಾಯಿತೆಂಬ ಪ್ರತೀತಿಯಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೊರಕಲು, ನಡುವೆ ಇಕ್ಕಟ್ಟಾದ ದಾರಿ. ನಮ್ಮ ಘಟ್ಟದ ರಸ್ತೆಗಳನ್ನು ಬಲ್ಲವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇಂತಹ ದಾರಿಯಲ್ಲಿ ನಾಲ್ಕು ಮರ ಕಡಿದು ಅಡ್ಡ ಹಾಕಿ, ಅವುಗಳ ಕೆಳಗೆ ನೆಲಬಾಂಬ್ ಹುಗಿದು, ಮೇಲಿನ ಗುಡ್ಡದಲ್ಲಿ ಮಷಿನ್ ಗನ್ ಇಟ್ಟು ಕುಳಿತರೆ ಕೆಲವೇ ಜನ ಒಂದು ಸೈನ್ಯವನ್ನು ನಿಲ್ಲಿಸಬಲ್ಲರು. ಶತ್ರುಗಳು ಮಾಡಿದ್ದೂ ಅದನ್ನೇ.

ನಾಲ್ಕು ದಿನಗಳ ಕಥೆ

1948ರ ಏಪ್ರಿಲ್ 8ರಂದು ಡೋಗ್ರಾ ರೆಜಿಮೆಂಟಿನ 4ನೇ ಬೆಟಾಲಿಯನ್ ನೌಶೇರಾದಿಂದ ಹೊರಟು ಸುಮಾರು 11 ಕಿಲೋಮೀಟರ್ ಉತ್ತರಕ್ಕಿದ್ದ ಬರ್ವಾಲಿ ದಿಬ್ಬವನ್ನು ವಶಪಡಿಸಿಕೊಂಡಿತು. ಅಲ್ಲಿಂದ ಮುಂದೆ ರಸ್ತೆತಡೆ ಹಾಗೂ ನೆಲಬಾಂಬುಗಳ ಸಾಲು. ಕಾಲಾಳುಗಳಿಗೆ ನೆರವಾಗಲು ಬಂದಿದ್ದ ಸೆಂಟ್ರಲ್ ಇಂಡಿಯಾ ಹಾರ್ಸ್ ದಳದ ಸ್ಟುವರ್ಟ್ ಟ್ಯಾಂಕುಗಳು ನಿಂತಲ್ಲೇ ನಿಂತವು. 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯ ಮುಖ್ಯಸ್ಥರಾಗಿ ಡೋಗ್ರಾಗಳ ಜೊತೆಗಿದ್ದ ಸೆಕೆಂಡ್ ಲೆಫ್ಟಿನೆಂಟ್ ರಾಣೆಯವರಿಗೆ ದಾರಿ ತೆರೆಯುವ ಹೊಣೆ ಬಂತು.

ನಾದಪುರದ ಬಳಿ ರಾಣೆಯವರ ತಂಡ ಟ್ಯಾಂಕುಗಳ ಪಕ್ಕದಲ್ಲಿ ಕೆಲಸಕ್ಕೆ ಸಿದ್ಧವಾಗುತ್ತಿದ್ದಂತೆ ಶತ್ರುವಿನ ಮಾರ್ಟರ್ ಗುಂಡುಗಳು ಬಂದೆರಗಿದವು. ಇಬ್ಬರು ಸ್ಯಾಪರ್‌ಗಳು ಸ್ಥಳದಲ್ಲೇ ಮಡಿದರು. ರಾಣೆಯವರೂ ಸೇರಿ ಐವರು ಗಾಯಗೊಂಡರು. ಕೆಲಸ ಶುರುವಾಗುವ ಮೊದಲೇ ತಂಡದ ಏಳು ಜನರಿಗೆ ಪೆಟ್ಟು. ಗಾಯಗೊಂಡ ಅಧಿಕಾರಿ ಹಿಂದೆ ಸರಿದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ರಾಣೆ ಸರಿಯಲಿಲ್ಲ. ಸಂಜೆಯೊಳಗೆ ಆ ನೆಲಬಾಂಬುಗಳ ಸಾಲನ್ನು ತೆರವುಗೊಳಿಸಿದರು. ಟ್ಯಾಂಕುಗಳು ಚಲಿಸಿದವು. ಕತ್ತಲಾದ ಮೇಲೂ ಮಷಿನ್ ಗನ್ನಿನ ಗುಂಡುಗಳ ನಡುವೆ ಮುಂದಿನ ದಾರಿಯ ಕೆಲಸ ನಡೆಯಿತು.

ನೆಲಬಾಂಬ್ ತೆಗೆಯುವ ಕೆಲಸದ ಸ್ವರೂಪವನ್ನು ತುಸು ತಿಳಿದರೆ ಆ ರಾತ್ರಿಯ ಭಾರ ಅರಿವಾಗುತ್ತದೆ. ಟ್ಯಾಂಕ್ ಸ್ಫೋಟಿಸಲು ಇಡುವ ನೆಲಬಾಂಬ್ ಭಾರೀ ತೂಕಕ್ಕೆ ಮಾತ್ರ ಸಿಡಿಯುತ್ತದೆ. ಅದರ ಸುತ್ತ ಮನುಷ್ಯನ ಕಾಲಿಗೇ ಸಿಡಿಯುವ ಚಿಕ್ಕ ಬಾಂಬುಗಳನ್ನು ಇಡುವುದುಂಟು. ಸೈನಿಕ ನೆಲಕ್ಕೆ ಅಂಟಿದಂತೆ ಬೋರಲು ಮಲಗಿ, ಬಯೊನೆಟ್ ಅಥವಾ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ ಅಂಗುಲ ಅಂಗುಲವಾಗಿ ಮುಂದೆ ಸರಿಯಬೇಕು. ನೇರವಾಗಿ ಚುಚ್ಚಿದರೆ ಬಾಂಬಿನ ನೆತ್ತಿಗೆ ತಾಗಿ ಸಿಡಿದೀತು. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗಿ ಸುಳಿವು ಕೊಡುತ್ತದೆ. ಸುಳಿವು ಸಿಕ್ಕಿದ ಮೇಲೆ ಕೈಬೆರಳುಗಳಿಂದ ಮಣ್ಣು ಸರಿಸಿ ಸಿಡಿಯುವ ಭಾಗವನ್ನು ನಿಷ್ಕ್ರಿಯಗೊಳಿಸಬೇಕು. ಹಗಲಿನಲ್ಲಿ, ನಿಶ್ಶಬ್ದದಲ್ಲಿ, ನೆಮ್ಮದಿಯಾಗಿ ಮಾಡಿದರೂ ಕೈ ನಡುಗುವ ಕೆಲಸ. ರಾಣೆಯವರ ತಂಡ ಅದನ್ನು ಮಾಡಿದ್ದು ಗಾಯಗಳನ್ನು ಹೊತ್ತು, ಕತ್ತಲೆಯಲ್ಲಿ, ಗುಂಡಿನ ಮಳೆಯ ಅಡಿಯಲ್ಲಿ.

ಆ ದಿನಗಳ ಬಗ್ಗೆ ಸೇನಾವಲಯದಲ್ಲಿ ಇಂದಿಗೂ ಹೇಳುವ ಒಂದು ಸಂಗತಿಯಿದೆ. ಗುಂಡಿನಿಂದ ರಕ್ಷಣೆಗೆ ಬೇರೆ ಮರೆಯಿಲ್ಲದಾಗ ರಾಣೆ ಮುಂದಿನ ಟ್ಯಾಂಕಿನ ಎರಡು ಸರಪಳಿಪಟ್ಟಿಗಳ ನಡುವೆ, ಅದರ ಹೊಟ್ಟೆಯ ಕೆಳಗೆ ತೆವಳಿಕೊಂಡು ಸಾಗಿದರಂತೆ. ಟ್ಯಾಂಕ್ ಚಾಲಕನಿಗೆ ಸಂಜ್ಞೆ ಕೊಡಲು ಹಗ್ಗಗಳನ್ನು ಹಿಡಿದಿದ್ದರು. ಹಗ್ಗ ಎಳೆದರೆ ನಿಲ್ಲಬೇಕು, ಮತ್ತೊಮ್ಮೆ ಎಳೆದರೆ ಹೊರಡಬೇಕು. ಚಾಲಕ ಒಂದು ಕ್ಷಣ ತಪ್ಪಿದರೆ ಟನ್ನುಗಟ್ಟಲೆ ಉಕ್ಕು ಕೆಳಗಿದ್ದವರ ಮೇಲೆ ಹರಿಯುತ್ತಿತ್ತು. ರಾಣೆ ಒಂದು ಬಾಂಬನ್ನು ಕಾಣದೆ ಬಿಟ್ಟಿದ್ದರೆ ಚಾಲಕನೂ ಅವನ ಸಂಗಡಿಗರೂ ಸುಟ್ಟುಹೋಗುತ್ತಿದ್ದರು. ಬೇರೆ ಬೇರೆ ದಳಗಳ, ಬೇರೆ ಬೇರೆ ಭಾಷೆಗಳ ಇಬ್ಬರು ಯೋಧರ ಪ್ರಾಣ ಒಂದು ಹಗ್ಗದ ಎರಡು ತುದಿಗಳಲ್ಲಿ ನೇತಾಡುತ್ತಿತ್ತು. ಸಹಯೋಧರ ನಂಟಿಗೆ ಇದಕ್ಕಿಂತ ನೇರವಾದ ಚಿತ್ರ ಸಿಗಲಾರದು.

ಏಪ್ರಿಲ್ 9ರಂದು ಅವರು ಹನ್ನೆರಡು ಗಂಟೆ ಎಡೆಬಿಡದೆ ದುಡಿದರು. ನೆಲಬಾಂಬುಗಳನ್ನು ಪೂರ್ತಿ ತೆಗೆಯಲಾಗದ ಕಡೆ ಟ್ಯಾಂಕುಗಳಿಗೆ ಬಳಸುದಾರಿಯನ್ನು ಕಡಿದರು. ಏಪ್ರಿಲ್ 10ರ ನಸುಕಿನಲ್ಲೇ ಎದ್ದು ಹಿಂದಿನ ರಾತ್ರಿ ಉಳಿದಿದ್ದ ತಡೆಗೆ ಕೈಹಾಕಿದರು. ಐದು ದೊಡ್ಡ ಪೈನ್ ಮರಗಳನ್ನು ಉರುಳಿಸಿ, ಸುತ್ತ ನೆಲಬಾಂಬ್ ಹುಗಿದು, ಮಷಿನ್ ಗನ್ ಕಾವಲಿಟ್ಟಿದ್ದ ಆ ತಡೆ ಎರಡು ಗಂಟೆಗಳಲ್ಲಿ ತೆರವಾಯಿತು. ಆ ದಿನ ಟ್ಯಾಂಕುಗಳು 13 ಕಿಲೋಮೀಟರ್ ಮುನ್ನಡೆದವು. ಮತ್ತೊಂದು ಭಾರೀ ತಡೆ ಎದುರಾದಾಗ ಸುತ್ತಲಿನ ಗುಡ್ಡಗಳೆಲ್ಲ ಶತ್ರುವಿನ ನೆಲೆಗಳಾಗಿದ್ದವು. ರಾಣೆ ಟ್ಯಾಂಕಿನಲ್ಲಿ ಕುಳಿತು ತಡೆಯ ಬಳಿಗೆ ಹೋದರು. ಅದನ್ನೇ ಮರೆಯಾಗಿ ನಿಲ್ಲಿಸಿಕೊಂಡು ಸ್ಫೋಟಕ ಇಟ್ಟು ತಡೆಯನ್ನು ಒಡೆದರು. ಬೆಳಗಾಗುವ ಮೊದಲೇ ದಾರಿ ತೆರೆದಿತ್ತು. ಏಪ್ರಿಲ್ 11ರಂದು ಮತ್ತೆ ಹದಿನೇಳು ಗಂಟೆಗಳ ಕೆಲಸ. ಚಿಂಗಸ್‌ವರೆಗಿನ ಮಾರ್ಗ, ಅದರಾಚೆಯ ಹಾದಿ ಟ್ಯಾಂಕುಗಳಿಗೆ ಮುಕ್ತವಾಯಿತು.

ಏಪ್ರಿಲ್ 12ರಂದು ಭಾರತೀಯ ಪಡೆಗಳು ರಾಜೌರಿಯನ್ನು ತಲುಪಿದವು. ಈ ಮುನ್ನಡೆಯಲ್ಲಿ ಶತ್ರುಪಡೆಯ ಸುಮಾರು 500 ಜನ ಹತರಾದರೆಂದು ದಾಖಲೆಗಳು ಹೇಳುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಚಿಂಗಸ್ ಹಾಗೂ ರಾಜೌರಿಯಲ್ಲಿ ಸಾವಿನ ಬಾಯಲ್ಲಿದ್ದ ನಾಗರಿಕರು ಬದುಕಿದರು. ದಾರಿ ಒಂದೆರಡು ದಿನ ತಡವಾಗಿ ತೆರೆದಿದ್ದರೆ ಅವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ ಹೇಳಲಾಗದು.

ಜೀವಂತ ಪರಮವೀರ

ಗಣರಾಜ್ಯವಾದ ದಿನ, 1950ರ ಜನವರಿ 26ರಂದು, ಪರಮವೀರ ಚಕ್ರ ಸ್ಥಾಪನೆಯಾಯಿತು. ಹುಟ್ಟಿನಿಂದ ವಿದೇಶೀಯರಾದರೂ ಭಾರತವನ್ನೇ ತಮ್ಮ ನೆಲವೆಂದು ಒಪ್ಪಿಕೊಂಡ ಸಾವಿತ್ರಿ ಖಾನೋಲ್ಕರ್ ಅವರು ಇದನ್ನು ವಿನ್ಯಾಸಗೊಳಿಸಿದರು. ರಾಣೆಯವರ ಪದಕ 1950ರ ಜೂನ್ 21ರಂದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಪದಕದ ದಿನಾಂಕವಾಗಿ 1948ರ ಏಪ್ರಿಲ್ 8 ನಮೂದಾಯಿತು. ಆ ಯುದ್ಧಕ್ಕಾಗಿ ಪರಮವೀರ ಚಕ್ರ ಪಡೆದವರು ಐವರು. ಮೇಜರ್ ಸೋಮನಾಥ ಶರ್ಮಾ, ನಾಯಕ್ ಜದುನಾಥ್ ಸಿಂಗ್ ಹಾಗೂ ಕಂಪನಿ ಹವಾಲ್ದಾರ್ ಮೇಜರ್ ಪೀರೂ ಸಿಂಗ್ ರಣರಂಗದಲ್ಲೇ ಮಡಿದಿದ್ದರು. ರಾಣೆ ಮತ್ತು ಲ್ಯಾನ್ಸ್ ನಾಯಕ್ ಕರಮ್ ಸಿಂಗ್ ಬದುಕಿ ಬಂದವರು.

ಇದುವರೆಗೆ ಈ ಪದಕ ಪಡೆದವರು 21 ಜನ. ಅವರಲ್ಲಿ 14 ಜನರಿಗೆ ಮರಣೋತ್ತರವಾಗಿ ಸಂದಿದೆ. ಕರ್ನಾಟಕದ ನೆಲದಲ್ಲಿ ಹುಟ್ಟಿ ಈ ಪದಕ ಪಡೆದ ಏಕೈಕ ಯೋಧ ರಾಣೆ. ಬದುಕಿ ಉಳಿದ ಪರಮವೀರನ ಪಾಡು ಮಡಿದ ಪರಮವೀರನಿಗಿಂತ ಭಿನ್ನ. ಎದೆಯ ಮೇಲೆ ಪದಕ ಧರಿಸುವಾಗಲೆಲ್ಲ ಅದೇ ದಿನ, ಅದೇ ಸ್ಥಳದಲ್ಲಿ, ಅದೇ ಕೆಲಸಕ್ಕೆ ನಿಂತಿದ್ದು ಮನೆಗೆ ಮರಳದ ಇಬ್ಬರು ಸ್ಯಾಪರ್‌ಗಳು ನೆನಪಾಗದಿರಲು ಸಾಧ್ಯವೇ? ಪದಕದ ಮೇಲೆ ಒಬ್ಬನ ಹೆಸರಿರುತ್ತದೆ. ಆ ದಾರಿಯನ್ನು ತೆರೆದದ್ದು ಒಂದು ತುಕಡಿ. ಪರಮವೀರ ಚಕ್ರದ ಕಥೆ ಹೇಳುವಾಗ ನಾವು ಈ ಮಾತನ್ನು ಮರೆಯದಿರುವುದೇ ರಾಣೆಯವರಿಗೆ ಸಲ್ಲಿಸುವ ನಿಜವಾದ ಗೌರವ.

ಪದಕದ ಬಳಿಕವೂ ಅವರು ಸೇನೆಯಲ್ಲೇ ಮುಂದುವರಿದರು. 1955ರ ಫೆಬ್ರುವರಿ 3ರಂದು ರಾಜೇಶ್ವರಿ ಅವರೊಂದಿಗೆ ವಿವಾಹವಾಯಿತು. ದಂಪತಿಗೆ ನಾಲ್ವರು ಮಕ್ಕಳು. 28 ವರ್ಷಗಳ ಸೇವೆಯಲ್ಲಿ ಐದು ಬಾರಿ ಅವರ ಹೆಸರು ಯುದ್ಧವರದಿಗಳಲ್ಲಿ ಪ್ರಶಂಸೆಯೊಂದಿಗೆ ಉಲ್ಲೇಖಗೊಂಡಿತು. 1968ರ ಜನವರಿ 25ರಂದು, ಗಣರಾಜ್ಯೋತ್ಸವದ ಹಿಂದಿನ ದಿನ, ಅವರು ಮೇಜರ್ ಆಗಿ ನಿವೃತ್ತರಾದರು. 1994ರ ಜುಲೈ 11ರಂದು ಪುಣೆಯ ಕಮಾಂಡ್ ಆಸ್ಪತ್ರೆಯಲ್ಲಿ ತಮ್ಮ 76ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ತಡವಾಗಿ ಬಂದ ನೆನಪು

1980ರ ದಶಕದಲ್ಲಿ ಭಾರತೀಯ ಹಡಗು ನಿಗಮ ತನ್ನ ತೈಲವಾಹಕ ಹಡಗುಗಳಿಗೆ ಪರಮವೀರರ ಹೆಸರಿಟ್ಟಿತು. 1984ರಲ್ಲಿ ಸೇವೆಗೆ ಬಂದ ಒಂದು ಹಡಗು ಲೆಫ್ಟಿನೆಂಟ್ ರಾಮಾ ರಾಘೋಬಾ ರಾಣೆ ಎಂಬ ಹೆಸರು ಹೊತ್ತು ಸುಮಾರು 25 ವರ್ಷ ಸಮುದ್ರಗಳಲ್ಲಿ ಸಂಚರಿಸಿತು. ಅರಕಾನಿನಲ್ಲಿ ಬಾರದ ಹಡಗಿಗಾಗಿ ಕಾದಿದ್ದ ಯೋಧನ ಹೆಸರನ್ನು ಹಡಗೊಂದು ಹೊತ್ತು ತಿರುಗಿದ್ದು ವಿಧಿಯ ವಿಚಿತ್ರ.

ತವರು ಜಿಲ್ಲೆಯಲ್ಲಿ ಅವರ ಪ್ರತಿಮೆ ಎದ್ದುನಿಲ್ಲಲು ಅವರ ಮರಣಾನಂತರ ಹನ್ನೆರಡು ವರ್ಷ ಬೇಕಾಯಿತು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆ ಸಂಗ್ರಹಾಲಯದ ಪಕ್ಕದಲ್ಲಿ, 2006ರ ನವೆಂಬರ್ 7ರಂದು ಅದರ ಅನಾವರಣವಾಯಿತು. ಅಂದಿನ ಸಣ್ಣ ಕೈಗಾರಿಕೆ ಸಚಿವ ಶಿವಾನಂದ ನಾಯ್ಕ ಅವರು ಅನಾವರಣಗೊಳಿಸಿದರು. ನೌಕಾಪಡೆಯ ನಿವೃತ್ತ ವೈಸ್ ಅಡ್ಮಿರಲ್ ಕೆ. ಮೋಹನರಾವ್ ಅಧ್ಯಕ್ಷತೆ ವಹಿಸಿದ್ದರು. 2019ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡ ದೆಹಲಿಯ ರಾಷ್ಟ್ರೀಯ ಯುದ್ಧಸ್ಮಾರಕದ ಪರಮಯೋಧ ಸ್ಥಳದಲ್ಲಿ ಉಳಿದ ಪರಮವೀರರೊಂದಿಗೆ ರಾಣೆಯವರ ಪ್ರತಿಮೆಯೂ ಇದೆ. 2023ರ ಜನವರಿ 23ರಂದು ಅಂಡಮಾನ್ ನಿಕೋಬಾರ್‌ನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದು ದ್ವೀಪಕ್ಕೆ ಅವರ ಹೆಸರು ಬಂತು.

ಘಟ್ಟದ ಸವಾರರು, ಸೇನೆಯ ಸಹಯೋಧರು

ಸೇನೆಗೂ ಮೋಟಾರ್ ಸೈಕಲ್ಲಿಗೂ ಇರುವ ನಂಟು ಹಳೆಯದು. ಎರಡನೇ ಮಹಾಯುದ್ಧದಲ್ಲಿ ತಂತಿ, ದೂರವಾಣಿಗಳು ಕೈಕೊಟ್ಟಾಗ ಸಂದೇಶ ಹೊತ್ತು ಓಡಿದವರು ಬೈಕ್ ಸವಾರ ಸೈನಿಕರು. 1950ರ ದಶಕದಲ್ಲಿ ಗಡಿ ಗಸ್ತಿಗಾಗಿ ಭಾರತ ಸರ್ಕಾರ 350 ಸಿಸಿಯ ರಾಯಲ್ ಎನ್‌ಫೀಲ್ಡ್ ಬುಲೆಟ್ಟನ್ನು ಆರಿಸಿತು. 1955ರಲ್ಲಿ ಮದರಾಸಿನಲ್ಲಿ ಅದರ ಕಾರ್ಖಾನೆ ಬೇರೂರಲು ಸೇನೆಯ ಬೇಡಿಕೆಯೇ ಕಾರಣ. ಸಿಗ್ನಲ್ಸ್ ದಳದ ಡೇರ್‌ಡೆವಿಲ್ಸ್, ಬೆಂಗಳೂರಿನ ಎಎಸ್‌ಸಿ ಕೇಂದ್ರದ ಟಾರ್ನೆಡೋಸ್ ತಂಡಗಳ ಬೈಕ್ ಸಾಹಸವನ್ನು ನಾಡಿನ ಜನ ಬೆರಗಿನಿಂದ ನೋಡುತ್ತ ಬಂದಿದ್ದಾರೆ. 2024ರಲ್ಲಿ ಕಾರ್ಗಿಲ್ ವಿಜಯದ 25ನೇ ವರ್ಷದ ಅಂಗವಾಗಿ ದಿಂಜಾನ್, ದ್ವಾರಕಾ ಹಾಗೂ ಧನುಷ್ಕೋಡಿಗಳಿಂದ ಹೊರಟ ಸೇನಾ ಬೈಕ್ ತಂಡಗಳು ದ್ರಾಸ್‌ನ ಯುದ್ಧಸ್ಮಾರಕವನ್ನು ಸೇರಿದವು. ದಾರಿಯುದ್ದಕ್ಕೂ ಮಾಜಿ ಸೈನಿಕರನ್ನು, ಹುತಾತ್ಮರ ಪತ್ನಿಯರನ್ನು ಭೇಟಿ ಮಾಡುವುದು ಆ ಯಾತ್ರೆಯ ಉದ್ದೇಶಗಳಲ್ಲಿ ಒಂದಾಗಿತ್ತು.

ನಿವೃತ್ತ ಸೈನಿಕರಿಗೆ ಇಂತಹ ಸವಾರಿ ಬರಿಯ ವಿಹಾರವಲ್ಲ. ಸಮವಸ್ತ್ರ ಕಳಚಿ ಊರಿಗೆ ಮರಳಿದವನು ಮನೆಯವರ ನಡುವೆ ಇದ್ದರೂ ಒಂಟಿಯಾಗುವುದುಂಟು. ಅಡಿಕೆ ತೋಟದ ಕೆಲಸ, ಬ್ಯಾಂಕಿನ ಕಾವಲು, ಪಿಂಚಣಿಯ ಓಡಾಟಗಳ ನಡುವೆ ಅವನ ಮಾತು ಅರ್ಥವಾಗುವುದು ಇನ್ನೊಬ್ಬ ಸೈನಿಕನಿಗೆ ಮಾತ್ರ. ನಾಲ್ಕು ಜನ ಸಾಲಾಗಿ ಘಟ್ಟ ಇಳಿಯುವಾಗ ಹಳೆಯ ಶಿಸ್ತು ತಾನಾಗಿ ಮರಳುತ್ತದೆ. ಮುಂದಿನವನು ರಸ್ತೆಯ ಗುಂಡಿ, ಮರಳು, ಎದುರು ಬರುವ ಲಾರಿಗಳನ್ನು ಕಂಡು ಕೈಸನ್ನೆಯಿಂದ ಹಿಂದಿನವರಿಗೆ ತಿಳಿಸುತ್ತಾನೆ. ಕೊನೆಯವನು ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುತ್ತಾನೆ. ಒಬ್ಬನ ಬೈಕ್ ಕೆಟ್ಟರೆ ಎಲ್ಲರೂ ನಿಲ್ಲುತ್ತಾರೆ. ರಾಣೆಯವರ ಬದುಕಿನ ಎರಡು ಮುಖ್ಯ ಘಟನೆಗಳೂ ಈ ಎರಡು ನಿಯಮಗಳೇ ಆಗಿವೆ. ರಾಜೌರಿಯ ದಾರಿಯಲ್ಲಿ ಅವರು ಸಾಲಿನ ಮೊದಲಿಗರು. ಅರಕಾನಿನ ಹಿಮ್ಮೆಟ್ಟುವಿಕೆಯಲ್ಲಿ ಸಾಲಿನ ಕೊನೆಯವರು.

ದಾರಿಯ ಬೆಲೆ ನಮ್ಮ ಜಿಲ್ಲೆಗೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ನೆನಪಾಗಿದೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜಾರಿದವು, ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯಲ್ಲಿದ್ದವರು ಪ್ರಾಣ ಕಳೆದುಕೊಂಡರು, ಕೆಲವರು ಗಂಗಾವಳಿ ನದಿಯ ಪಾಲಾದರು. ಶೋಧಕ್ಕೆ ಬೆಳಗಾವಿಯಿಂದ ಸೇನೆ ಬಂತು. ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ತಮ್ಮ ತಾಂತ್ರಿಕ ಅನುಭವದೊಂದಿಗೆ ನೆರವಿಗೆ ನಿಂತರು. ನಿವೃತ್ತಿಯ ಬಳಿಕವೂ ಕರೆ ಬಂದಾಗ ಕೆಸರಿಗೆ ಇಳಿಯುವ ಈ ಗುಣ ಸೇನೆ ಕಲಿಸಿದ್ದು. ಚೆಂಡಿಯಾ ಇರುವುದೂ ಅದೇ ಹೆದ್ದಾರಿಯ ಮೇಲೆ.

ಪ್ರತಿ ವರ್ಷ ಏಪ್ರಿಲ್ 8 ಬಂದು ಹೋಗುತ್ತದೆ. ಜೂನ್ 26, ಜುಲೈ 11 ಸಹ ಹಾಗೆಯೇ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಶಾಲೆಗಳಲ್ಲಿ ಆ ದಿನಗಳಲ್ಲಿ ಒಂದು ಗಂಟೆ ಈ ಕಥೆಯನ್ನು ಹೇಳಿದರೆ ಖರ್ಚೇನೂ ಇಲ್ಲ. ಊರಿನ ಮಾಜಿ ಸೈನಿಕರನ್ನೇ ಕರೆದು ಹೇಳಿಸಿದರೆ ಇನ್ನೂ ಒಳಿತು. ಅವರಿಗೂ ಹೇಳಲು ಜಾಗ ಸಿಗುತ್ತದೆ, ಮಕ್ಕಳಿಗೂ ಪಠ್ಯದಲ್ಲಿ ಸಿಗದ ಪಾಠ ಸಿಗುತ್ತದೆ. ಬೈಕ್ ಏರಿ ಕಡಲು ನೋಡಲು ಘಟ್ಟ ಇಳಿಯುವ ಯುವಕರು ಕಾರವಾರದ ತೀರದಲ್ಲಿ ಯುದ್ಧನೌಕೆಯ ಮುಂದೆ ಚಿತ್ರ ತೆಗೆಸಿಕೊಳ್ಳುವಾಗ ಪಕ್ಕದ ಪ್ರತಿಮೆಯ ಎದುರೂ ಎರಡು ನಿಮಿಷ ನಿಲ್ಲಲಿ. ಆ ಪ್ರತಿಮೆಯ ಹಿಂದೆ ನಾದಪುರದ ಬಳಿ ಮಡಿದ ಇಬ್ಬರು ಸ್ಯಾಪರ್‌ಗಳೂ, ಗಾಯಗೊಂಡರೂ ಕೆಲಸ ಬಿಡದ ಒಂದು ತುಕಡಿಯೂ ನಿಂತಿದೆಯೆಂಬುದನ್ನು ನೆನೆಯಲಿ.